ಮಗಳು ಎಂದು ಮೊದಲೇ ಹೇಳಿ

ಆತ್ಮೀಯರೇ,

ಯಕ್ಷಗಾನದ ತೆಂಕುತಿಟ್ಟು ಶೈಲಿಯಲ್ಲಿ ಪದ ಹಾಡುತ್ತಿದ್ದ ಭಾಗವತರೊಬ್ಬರ ಬಗ್ಗೆ ಕನ್ನಡ ವಿಕಿಪೀಡಿಯಕ್ಕೆಂದು ನೀವು ಬರೆದ ಕರಡನ್ನು ಎರಡು ಸಲ ಓದಿದೆ. ಭಾಷೆ ಶುದ್ಧವಾಗಿದೆ. ಮೇ ಕೊನೆಗೆ ಬರುವ ಪತ್ತನಾಜೆಯಂದು ವರ್ಷದ ಆಟ ಮುಗಿಸಿ ಮೇಳದವರು ಗೆಜ್ಜೆ ಬಿಚ್ಚುವ ಭಾಗ ಚೆನ್ನಾಗಿ ಬಂದಿದೆ. ಆದರೂ ಇದನ್ನು ಹೀಗೇ ಹಾಕಲು ನಾನು ಒಪ್ಪಲಾರೆ.

ಮೊದಲ ಸಾಲು: “ತೆಂಕುತಿಟ್ಟಿನ ಭಾಗವತರಲ್ಲಿ ಅಗ್ರಗಣ್ಯರು.” ಉಲ್ಲೇಖ, ಅಭಿನಂದನ ಗ್ರಂಥದ ಮುನ್ನುಡಿ. ಆ ಗ್ರಂಥ ನನ್ನ ಕಪಾಟಿನಲ್ಲೂ ಇದೆ, ತೆಗೆದು ನೋಡಿದೆ. ಮುನ್ನುಡಿ ನಿಮ್ಮದೇ. “ಅಪ್ಪನ ಪದ ಕೇಳುತ್ತ ಬೆಳೆದವಳು ನಾನು” ಎಂದು ಅಲ್ಲಿ ಬರೆದಿದ್ದೀರಿ. ನೀವು ಅವರ ಮಗಳೆಂದು ನನಗೆ ಗೊತ್ತಾದದ್ದು ಆಗ. ಕರಡಿನಲ್ಲಿ ಆ ಮಾತಿಲ್ಲ, ನಿಮ್ಮ ಸದಸ್ಯ ಪುಟದಲ್ಲೂ ಇಲ್ಲ. ನನಗೆ ನೋವಾದದ್ದು ಇದಕ್ಕೆ. ಅಪ್ಪನನ್ನು ಹೊಗಳಿದ್ದು ತಪ್ಪಲ್ಲ. ಮಗಳ ಹೊಗಳಿಕೆಯನ್ನು ಯಾರೋ ಮೂರನೆಯವರ ತೀರ್ಪೆಂಬಂತೆ ಓದುಗರ ಮುಂದಿಟ್ಟದ್ದು ತಪ್ಪು.

ಎರಡನೆಯ ಸಾಲು: “30 ತಿರುಗಾಟಗಳಲ್ಲಿ 9,000 ಆಟ.” ಇದಕ್ಕೆ ಪತ್ರಿಕೆಯ ವರದಿ ಕೊಟ್ಟಿದ್ದೀರಿ. ಅದು ಗ್ರಂಥ ಬಿಡುಗಡೆಯ ವರದಿ; ಆಮಂತ್ರಣದಲ್ಲಿದ್ದ ವಾಕ್ಯವನ್ನೇ ವರದಿಗಾರರು ಇಳಿಸಿಕೊಂಡಿದ್ದಾರೆ. ಲೆಕ್ಕವನ್ನಾದರೂ ಹಾಕಬೇಕಿತ್ತು. ತಿರುಗಾಟವೆಂದರೆ ಮೇಳದ ಒಂದು ವರ್ಷದ ಸಂಚಾರ; ನವೆಂಬರಿನಿಂದ ಪತ್ತನಾಜೆಯ ತನಕ ಒಂದು ರಾತ್ರಿಯೂ ಬಿಡದೆ ಆಟವಾದರೂ 200 ದಾಟುವುದು ಕಷ್ಟ. 30 ತಿರುಗಾಟಕ್ಕೆ 6,000 ಎನ್ನೋಣ. ಉಳಿದ 3,000 ಎಲ್ಲಿಂದ ಬಂತು? ನಿದ್ದೆಗೆಟ್ಟು ಅಷ್ಟು ವರ್ಷ ಪದ ಹೇಳಿದವರಿಗೆ ಇಲ್ಲದ ಆಟಗಳ ಹಂಗೇಕೆ?

ಇಷ್ಟು ಬಿರುಸಾಗಿ ಬರೆಯಲು ಕಾರಣವಿದೆ. ವಿಕಿಪೀಡಿಯಕ್ಕೆ ನಾನು ಬರೆದ ಮೊದಲ ಲೇಖನ ನನ್ನ ಮೇಷ್ಟ್ರ ಮೇಲಿನದು. ಹುಟ್ಟಿದ ಇಸವಿಯನ್ನು ಸ್ಮರಣ ಸಂಚಿಕೆಯಿಂದ ಎತ್ತಿಕೊಂಡಿದ್ದೆ. ಸಂಚಿಕೆಯವರು ಅದನ್ನು ಶಾಲೆಯ ದಾಖಲೆಯಿಂದ ತೆಗೆದಿದ್ದರು. ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ಟರರು ಅಂದಾಜಿಗೆ ಬರೆದುಕೊಂಡದ್ದು ಅದು. ಮೇಷ್ಟ್ರು ತೀರಿಕೊಂಡಾಗ ಪತ್ರಿಕೆಯೊಂದು ನನ್ನ ಲೇಖನ ನೋಡಿ ಅದೇ ಇಸವಿ ಹಾಕಿತು. ಆಮೇಲೆ ಯಾರೋ ಪ್ರಶ್ನಿಸಿದರು. ನಾನು ಆ ಪತ್ರಿಕೆಯನ್ನೇ ಆಧಾರವೆಂದು ತೋರಿಸಿದೆ! ನನ್ನ ತಪ್ಪೇ ಸುತ್ತಿ ಬಂದು ನನಗೆ ಸಾಕ್ಷಿ ಹೇಳಿತ್ತು. ಹಿರಿಯ ಸಂಪಾದಕರೊಬ್ಬರು ನನ್ನ ಲೇಖನದ ಮತ್ತು ಆ ಪತ್ರಿಕೆಯ ದಿನಾಂಕಗಳನ್ನು ಪಕ್ಕಪಕ್ಕ ಬರೆದು ಕಳಿಸಿದರು, ಬೇರೇನೂ ಹೇಳಲಿಲ್ಲ. ಇವತ್ತಿಗೂ ಉಲ್ಲೇಖ ಕಂಡರೆ, ಇದನ್ನು ಇವರಿಗೆ ಹೇಳಿದವರು ಯಾರು ಎಂದು ಹಿಂದೆ ಹಿಂದೆ ಹೋಗಿ ನೋಡುತ್ತೇನೆ.

ಹತ್ತಿರದವರಿಗೆ ಈ ಆಸೆ ಸಹಜ. 2005ರಲ್ಲಿ ಜಿಮ್ಮಿ ವೇಲ್ಸ್ ತಮ್ಮದೇ ಪುಟದಲ್ಲಿ ಲ್ಯಾರಿ ಸ್ಯಾಂಗರ್ ವಿಕಿಪೀಡಿಯದ ಸಹಸ್ಥಾಪಕರೆಂಬ ಮಾತನ್ನು ತಿದ್ದಿದರು, ಆಮೇಲೆ ಹಾಗೆ ಮಾಡಬಾರದಿತ್ತೆಂದು ಒಪ್ಪಿಕೊಂಡರು. ವಿಕಿಪೀಡಿಯ ಕಟ್ಟಿದವರಿಗೇ ಕೈ ತಡೆಯಲಿಲ್ಲ.

ಸದಸ್ಯ ಪುಟದಲ್ಲಿ “ಇವರು ನನ್ನ ತಂದೆ” ಎಂದು ಬರೆಯಿರಿ. ಕರಡನ್ನು ಚರ್ಚೆ ಪುಟದಲ್ಲಿಡಿ, ಸಂಬಂಧವಿಲ್ಲದವರು ನೋಡಿ ಸೇರಿಸಲಿ. ಹುಟ್ಟೂರು, ಓದು ಇಂಥವಕ್ಕೆ ಮನೆಯವರು ಬರೆದ ಪುಸ್ತಕ ನಡೆದೀತು, “ಅಗ್ರಗಣ್ಯ”ಕ್ಕೆ ನಡೆಯದು. ಅದಕ್ಕೆ ಹಳೆಯ ಪತ್ರಿಕೆಗಳ ಆಟದ ವಿಮರ್ಶೆ ಬೇಕು, ಯಕ್ಷಗಾನದ ಮೇಲಿನ ಸಂಶೋಧನ ಪ್ರಬಂಧ ಬೇಕು. ಸಿಗದಿದ್ದರೆ ಆ ಪದ ಬಿಡಿ.

ಮತ್ತೆ, ಮಳೆಗಾಲದಲ್ಲಿ ಮೇಳವಿಲ್ಲದೆ ಮನೆಯಲ್ಲಿರುತ್ತಿದ್ದ ಅಪ್ಪ, ನಡುರಾತ್ರಿ ಎದ್ದು ಕೂತು ತೊಡೆಯ ಮೇಲೆ ತಾಳ ಹಾಕುತ್ತಿದ್ದರು ಎಂದಿದ್ದೀರಲ್ಲ, ಅದನ್ನು ನೋಡಿದವರು ನೀವೊಬ್ಬರೇ. ವಿಶ್ವಕೋಶದಿಂದ ಅದನ್ನು ತೆಗೆಯುತ್ತೇನೆ. ನೀವು ಅದನ್ನು ನಿಮ್ಮ ಹೆಸರಿನಲ್ಲಿ, “ನನ್ನ ಅಪ್ಪ” ಎಂದೇ ಶುರುಮಾಡಿ ಪ್ರಬಂಧವಾಗಿ ಬರೆದು ನನಗೆ ಕಳಿಸಿ.