ಓದುಗರ ಪ್ರಶ್ನೆ, ನಮ್ಮ ಉತ್ತರ: ಜಾಗತಿಕ ಅಭಿವೃದ್ಧಿ, ಇಂಧನ ಮತ್ತು ಭೂಗೋಳದ ಪರೀಕ್ಷೆ

ಭೂಗೋಳದ ಪರೀಕ್ಷೆಗೆ ಓದುತ್ತಿರುವ ವಿದ್ಯಾರ್ಥಿಗಳು ‘ಜಾಗತಿಕ ಅಭಿವೃದ್ಧಿ ಮತ್ತು ಇಂಧನ’ ಎಂಬ ಭಾಗದ ಬಗ್ಗೆ ಬರೆದ ಪ್ರಶ್ನೆಗಳಲ್ಲಿ ಐದನ್ನು ಈ ಸಲ ಆರಿಸಿಕೊಂಡಿದ್ದೇವೆ. ಪತ್ರ ಬರೆದವರೆಲ್ಲರ ಬಳಿಯೂ ಅಂಕಿಅಂಶಗಳು ಬೇಕಾದಷ್ಟಿವೆ. ಆದರೆ ಒಂದೊಂದು ಅಂಕಿಯೂ ಯಾವುದನ್ನು ಅಳೆಯುತ್ತದೆ ಎಂಬಲ್ಲಿಯೇ ತೊಡಕು ಕಾಣುತ್ತಿರುವುದರಿಂದ ಉತ್ತರಗಳು ಹೆಚ್ಚಾಗಿ ಅದನ್ನೇ ಬಿಡಿಸಿ ಹೇಳುತ್ತವೆ.

ಪ್ರಶ್ನೆ: ತಲಾ ಆದಾಯವೊಂದೇ ಸಾಲದೆಂದು ಮಾನವ ಅಭಿವೃದ್ಧಿ ಸೂಚ್ಯಂಕವನ್ನು ರೂಪಿಸಿದರೆಂದು ಓದಿದ್ದೇನೆ. ಅದರೊಳಗೂ ಆದಾಯ ಸೇರಿಕೊಂಡಿದೆಯಲ್ಲ, ಹಾಗಾದರೆ ವ್ಯತ್ಯಾಸವೇನು?

ಉತ್ತರ: ಆದಾಯ ಸೇರಿದೆ ನಿಜ, ಆದರೆ ಅದಕ್ಕೆ ಸಿಕ್ಕಿರುವುದು ಮೂರರಲ್ಲೊಂದು ಪಾಲು ಮಾತ್ರ. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವು 1990ರಲ್ಲಿ ಹೊರತಂದ ಮೊದಲ ಮಾನವ ಅಭಿವೃದ್ಧಿ ವರದಿಯೊಂದಿಗೆ ಈ ಸೂಚ್ಯಂಕ ಬಳಕೆಗೆ ಬಂತು. ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್ ಅದರ ರೂವಾರಿಯಾದರೆ, ಅಮರ್ತ್ಯ ಸೇನ್ ಅವರ ಚಿಂತನೆ ಅದರ ಬೆನ್ನಿಗಿತ್ತು. ಆಯುಷ್ಯ, ಶಿಕ್ಷಣ ಮತ್ತು ತಲಾ ಆದಾಯ ಎಂಬ ಮೂರು ಅಂಗಗಳಲ್ಲಿ ಆದಾಯವನ್ನು ಮಾತ್ರ ಲಾಗರಿದಮ್ ಅಳತೆಯಲ್ಲಿ ಲೆಕ್ಕ ಹಾಕುತ್ತಾರೆ. ಹೀಗಾಗಿ ತಲಾ ಆದಾಯವು 1,000 ಡಾಲರಿನಿಂದ 2,000ಕ್ಕೆ ಏರಿದ ದೇಶಕ್ಕೂ 10,000ದಿಂದ 20,000ಕ್ಕೆ ಏರಿದ ದೇಶಕ್ಕೂ ಆದಾಯದ ಅಂಗದಲ್ಲಿ ಒಂದೇ ಪ್ರಮಾಣದ, ಅಂದರೆ 0ಯಿಂದ 1ರವರೆಗಿನ ಅಳತೆಯಲ್ಲಿ ಸುಮಾರು 0.105ರಷ್ಟು, ಹೆಚ್ಚಳ ಸಿಗುತ್ತದೆ. ಬಡವನಿಗೆ ಬಂದ ಸಾವಿರವು ಶ್ರೀಮಂತನಿಗೆ ಬಂದ ಸಾವಿರಕ್ಕಿಂತ ಬದುಕನ್ನು ಹೆಚ್ಚು ಬದಲಿಸುತ್ತದೆ ಎಂಬ ತಿಳಿವಳಿಕೆಯೇ ಇಲ್ಲಿ ಗಣಿತದ ರೂಪ ತಾಳಿದೆ. ಮೇಲಾಗಿ 75,000 ಡಾಲರಿನ ಆಚೆಗೆ ಆದಾಯ ಎಷ್ಟೇ ಬೆಳೆದರೂ ಲೆಕ್ಕಕ್ಕಿಲ್ಲ. ಕತಾರ್ ಆ ಗಡಿಯನ್ನು ದಾಟಿದ್ದರೂ ಅದರಿಂದ ಅಂಕ ಹೆಚ್ಚುವುದಿಲ್ಲ.

2010ರಿಂದ ಮೂರು ಅಂಗಗಳ ಗುಣೋತ್ತರ ಸರಾಸರಿಯನ್ನು (ಮೂರನ್ನೂ ಗುಣಿಸಿ ಘನಮೂಲ ತೆಗೆದದ್ದು) ತೆಗೆದುಕೊಳ್ಳುವ ಪದ್ಧತಿ ಬಂದಿರುವುದರಿಂದ ಒಂದರಲ್ಲಿ ಹಿಂದುಳಿದದ್ದನ್ನು ಇನ್ನೊಂದರಲ್ಲಿ ಸುಲಭವಾಗಿ ತುಂಬಿಕೊಳ್ಳಲಾಗದು. ಆದರೂ ಇದು ದೇಶದ ಸರಾಸರಿಯೇ ಆಗಿದ್ದು, ದೇಶದೊಳಗಿನ ಅಸಮಾನತೆಯನ್ನು ಹೇಳುವುದಿಲ್ಲ. ಅದಕ್ಕೆ ಆದಾಯದ ಹಂಚಿಕೆ ಎಷ್ಟು ಅಸಮವೆಂದು ಅಳೆಯುವ ಜಿನಿ ಗುಣಾಂಕವನ್ನೋ ಅಸಮಾನತೆಗೆ ಹೊಂದಿಸಿದ ಸೂಚ್ಯಂಕವನ್ನೋ ನೋಡಬೇಕು.

ಪ್ರಶ್ನೆ: ಬ್ರಾಂಟ್ ರೇಖೆಯನ್ನು ಉತ್ತರಪತ್ರಿಕೆಯಲ್ಲಿ ಈಗಲೂ ಬರೆಯಬಹುದೇ?

ಉತ್ತರ: ಬರೆಯಬಹುದು, ಇಸವಿಯ ಸಮೇತ. ಪಶ್ಚಿಮ ಜರ್ಮನಿಯ ಮಾಜಿ ಚಾನ್ಸೆಲರ್ ವಿಲ್ಲಿ ಬ್ರಾಂಟ್ ಅವರ ನೇತೃತ್ವದ ಆಯೋಗದ 1980ರ ವರದಿಯಿಂದ ಹೆಸರಾದ, ಶ್ರೀಮಂತ ಮತ್ತು ಬಡ ದೇಶಗಳನ್ನು ನಕ್ಷೆಯಲ್ಲಿ ಬೇರ್ಪಡಿಸುವ ಈ ರೇಖೆಯು ಸುಮಾರು 30 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ ಸಾಗಿ, ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡನ್ನು ಶ್ರೀಮಂತ ‘ಉತ್ತರ’ಕ್ಕೆ ಸೇರಿಸಿಕೊಳ್ಳಲು ದಕ್ಷಿಣಕ್ಕೆ ಬಳಸಿಕೊಂಡು ಹೋಗುತ್ತದೆ. ಇಂದಿನ ಸಿಂಗಪುರ, ದಕ್ಷಿಣ ಕೊರಿಯಗಳು ಅದರ ತಪ್ಪು ಬದಿಯಲ್ಲಿ ಉಳಿದಿವೆ. ಈಗಿನ ಸ್ಥಿತಿಗೆ ವಿಶ್ವಬ್ಯಾಂಕಿನ ನಾಲ್ಕು ಆದಾಯ ಗುಂಪುಗಳನ್ನು ಬಳಸಿ. ಅವುಗಳನ್ನು ಪ್ರತಿವರ್ಷ ಜುಲೈ 1ರಂದು ಪರಿಷ್ಕರಿಸಲಾಗುತ್ತದೆ.

ಪ್ರಶ್ನೆ: ಜಗತ್ತಿನ ಅತಿ ದೊಡ್ಡ ಜಲವಿದ್ಯುತ್ ಸ್ಥಾವರ ಚೀನದ ತ್ರೀ ಗೋರ್ಜಸ್ ಎಂದು ಒಂದು ಪುಸ್ತಕದಲ್ಲಿದೆ. ಇನ್ನೊಂದರಲ್ಲಿ ದಕ್ಷಿಣ ಅಮೆರಿಕದ ಇಟೈಪು ಹೆಚ್ಚು ವಿದ್ಯುತ್ ಉತ್ಪಾದಿಸಿದೆ ಎಂದಿದೆ. ಯಾವುದನ್ನು ನಂಬಬೇಕು?

ಉತ್ತರ: ಎರಡನ್ನೂ ನಂಬಬಹುದು, ಏಕೆಂದರೆ ಅವೆರಡೂ ಬೇರೆ ಬೇರೆ ಸಂಗತಿಗಳನ್ನು ಹೇಳುತ್ತಿವೆ. ಸ್ಥಾಪಿತ ಸಾಮರ್ಥ್ಯವೆಂದರೆ ಎಲ್ಲ ಯಂತ್ರಗಳೂ ಒಟ್ಟಿಗೆ ಪೂರ್ಣ ವೇಗದಲ್ಲಿ ತಿರುಗಿದಾಗ ಆ ಗಳಿಗೆಯಲ್ಲಿ ಸಿಗಬಲ್ಲ ವಿದ್ಯುತ್ತು; ಅದನ್ನು ಮೆಗಾವಾಟ್‌ಗಳಲ್ಲಿ ಹೇಳುತ್ತಾರೆ. ಉತ್ಪಾದನೆಯೆಂದರೆ ಒಂದು ಅವಧಿಯಲ್ಲಿ ನಿಜವಾಗಿ ಬಂದ ವಿದ್ಯುತ್ತು. ಅದನ್ನು ಕಿಲೋವಾಟ್-ಗಂಟೆಗಳಲ್ಲಿ, ಎಂದರೆ ನಾವು ದಿನಬಳಕೆಯಲ್ಲಿ ಯೂನಿಟ್ ಎನ್ನುವ ಅಳತೆಯಲ್ಲಿ, ಹೇಳುತ್ತಾರೆ. ಪರೀಕ್ಷೆಯಲ್ಲಿ ಅಂಕ ಕಳೆಯುವ ತಪ್ಪುಗಳಲ್ಲಿ ಇವೆರಡರ ಕಲಸುಮೇಲೋಗರಕ್ಕೆ ಮೊದಲ ಸ್ಥಾನ ಕೊಡಬಹುದು.

ಲೆಕ್ಕವನ್ನು ಮಾಡಿಯೇ ನೋಡೋಣ. ಯಾಂಗ್ಟ್ಸಿ ನದಿಯ ತ್ರೀ ಗೋರ್ಜಸ್‌ನ ಸಾಮರ್ಥ್ಯ 22,500 ಮೆಗಾವಾಟ್. ಬ್ರೆಜಿಲ್ ಮತ್ತು ಪರಾಗ್ವೆ ನಡುವೆ ಪರಾನಾ ನದಿಗೆ ಕಟ್ಟಿರುವ ಇಟೈಪುವಿನದು 14,000 ಮೆಗಾವಾಟ್. ವರ್ಷದ 8,760 ಗಂಟೆಗಳೂ ಬಿಡುವಿಲ್ಲದೆ ಓಡಿದ್ದರೆ ಮೊದಲನೆಯದು 19,710 ಕೋಟಿ ಯೂನಿಟ್ ಕೊಡಬೇಕು, ಎರಡನೆಯದು 12,264 ಕೋಟಿ. ಇಟೈಪು 2016ರಲ್ಲಿ ಸುಮಾರು 10,310 ಕೋಟಿ ಯೂನಿಟ್ ಉತ್ಪಾದಿಸಿತು, ಅಂದರೆ ತನ್ನ ಗರಿಷ್ಠದ ಶೇ. 84ರಷ್ಟು, ಮತ್ತು ಆ ವರ್ಷ ತ್ರೀ ಗೋರ್ಜಸ್ಸನ್ನು ಹಿಂದಿಕ್ಕಿತು. ತ್ರೀ ಗೋರ್ಜಸ್ 2020ರಲ್ಲಿ ಸುಮಾರು 11,180 ಕೋಟಿ ಯೂನಿಟ್‌ಗಳ ದಾಖಲೆ ಮಾಡಿತಾದರೂ ಅದು ತನ್ನ ಗರಿಷ್ಠದ ಶೇ. 57ರಷ್ಟೇ ಆಗಿತ್ತು.

ಕಾರಣ ಕೇಳಿದರೆ ನದಿಯನ್ನು ನೋಡಬೇಕು, ಮತ್ತು ಭೂಗೋಳದ ವಿದ್ಯಾರ್ಥಿಗೆ ಸಲ್ಲುವ ಭಾಗವೂ ಇದೇ. ಯಾಂಗ್ಟ್ಸಿಯಲ್ಲಿ ನೀರು ಹೆಚ್ಚಾಗಿ ಬೇಸಿಗೆಯ ಮಾನ್ಸೂನ್ ತಿಂಗಳುಗಳಲ್ಲಿ ನುಗ್ಗಿ ಬರುತ್ತದೆ, ಚಳಿಗಾಲದಲ್ಲಿ ಇಳಿಯುತ್ತದೆ. ಜೊತೆಗೆ ಆ ಅಣೆಕಟ್ಟು ಪ್ರವಾಹವನ್ನೂ ತಡೆಯಬೇಕಾಗಿರುವುದರಿಂದ, ಮಳೆಗಾಲಕ್ಕೆ ಮುಂಚೆ ಜಲಾಶಯದ ಮಟ್ಟವನ್ನು 175 ಮೀಟರಿನಿಂದ 145 ಮೀಟರಿಗೆ ಇಳಿಸಿ ಜಾಗ ಖಾಲಿ ಮಾಡಿಕೊಳ್ಳುತ್ತಾರೆ; ನೀರು ಬೀಳುವ ಎತ್ತರ ಕಡಿಮೆಯಾದಾಗ ಅಷ್ಟೇ ನೀರಿನಿಂದ ಸಿಗುವ ವಿದ್ಯುತ್ತೂ ಕಡಿಮೆಯಾಗುತ್ತದೆ. ಪರಾನಾ ನದಿಗೆ ವಿಶಾಲವಾದ ಜಲಾನಯನ ಪ್ರದೇಶವಿದ್ದು, ಮೇಲ್ಭಾಗದ ಹಲವು ಜಲಾಶಯಗಳು ಹರಿವಿನ ಏರಿಳಿತವನ್ನು ತಗ್ಗಿಸುತ್ತವೆ. ಸಾವಿರ ಮೆಗಾವಾಟ್‌ನ ಸೌರ ಘಟಕವನ್ನು ಸಾವಿರ ಮೆಗಾವಾಟ್‌ನ ಅಣುಸ್ಥಾವರಕ್ಕೆ ಸಮವೆಂದು ಬರೆಯುವವರೂ ಇದೇ ತಪ್ಪು ಮಾಡುತ್ತಾರೆ: ರಾತ್ರಿ ಮತ್ತು ಮೋಡಗಳ ದೆಸೆಯಿಂದ ಸೌರ ಘಟಕದ ವಾರ್ಷಿಕ ಉತ್ಪಾದನೆ ಸಾಮಾನ್ಯವಾಗಿ ಗರಿಷ್ಠದ ಕಾಲುಭಾಗವನ್ನು ಮೀರುವುದಿಲ್ಲ, ಚೆನ್ನಾಗಿ ನಡೆಯುವ ಅಣುಸ್ಥಾವರದ್ದು ಶೇ. 80ನ್ನೂ ದಾಟುತ್ತದೆ.

ಪ್ರಶ್ನೆ: ಜಗತ್ತಿನ ಇಂಧನದಲ್ಲಿ ಸುಮಾರು ಶೇ. 80 ಪಳೆಯುಳಿಕೆ ಇಂಧನವೇ ಎಂದೂ, ನವೀಕರಿಸಬಹುದಾದ ಮೂಲಗಳ ಪಾಲು ಶೇ. 30ಕ್ಕೆ ಬಂದಿದೆ ಎಂದೂ ಓದಿದೆ. ಕೂಡಿದರೆ ನೂರನ್ನು ಮೀರುತ್ತದೆಯಲ್ಲ?

ಉತ್ತರ: ಮೊದಲನೆಯದು ಒಟ್ಟು ಪ್ರಾಥಮಿಕ ಇಂಧನದ, ಅಂದರೆ ವಿದ್ಯುತ್ತಾಗಿ ಮಾರ್ಪಡುವ ಮುನ್ನಿನ ಕಲ್ಲಿದ್ದಲು, ತೈಲದಂಥ ಎಲ್ಲ ಮೂಲಗಳ ಲೆಕ್ಕ, ಎರಡನೆಯದು ವಿದ್ಯುತ್ತಿನದು ಮಾತ್ರ; ಕೂಡುವಂತಿಲ್ಲ. ಅಂತಿಮ ಬಳಕೆಯಲ್ಲಿ ವಿದ್ಯುತ್ತಿನ ಪಾಲು ಐದರಲ್ಲೊಂದರಷ್ಟಿದ್ದು, ಉಳಿದದ್ದರಲ್ಲಿ ಬಹುಭಾಗ ವಾಹನಗಳಲ್ಲಿ, ಹಡಗುಗಳಲ್ಲಿ, ಉಕ್ಕು ಮತ್ತು ಸಿಮೆಂಟಿನ ಕುಲುಮೆಗಳಲ್ಲಿ, ಚಳಿದೇಶಗಳ ಮನೆ ಬೆಚ್ಚಗಿಡುವಲ್ಲಿ ನೇರವಾಗಿ ಉರಿಯುತ್ತದೆ. ನಾರ್ವೆ ತನ್ನ ವಿದ್ಯುತ್ತಿನ ಬಹುಪಾಲನ್ನು ನೀರಿನಿಂದ ಪಡೆಯುತ್ತಲೇ ತೈಲ ಮತ್ತು ಅನಿಲದ ದೊಡ್ಡ ರಫ್ತುದಾರನಾಗಿರುವುದನ್ನು ಉದಾಹರಣೆಯಾಗಿ ಕೊಡಬಹುದು.

ಪ್ರಶ್ನೆ: ಇಂಧನದ ಬಳಕೆ ಹೆಚ್ಚಿದಷ್ಟೂ ಅಭಿವೃದ್ಧಿ ಹೆಚ್ಚು ಎಂದು ಬರೆಯಬಹುದೇ? ಇಂಧನ ಸಂಪನ್ಮೂಲ ಹೇರಳವಾಗಿರುವ ದೇಶಗಳು ಬಡವಾಗಿರುವುದನ್ನು ಹೇಗೆ ವಿವರಿಸಬೇಕು?

ಉತ್ತರ: ಅರ್ಧದಷ್ಟು ನಿಜ. ತಲಾ ಇಂಧನ ಬಳಕೆಯನ್ನು ಅಡ್ಡ ಅಕ್ಷದಲ್ಲೂ ಮಾನವ ಅಭಿವೃದ್ಧಿ ಸೂಚ್ಯಂಕವನ್ನು ಲಂಬ ಅಕ್ಷದಲ್ಲೂ ಇಟ್ಟು ದೇಶಗಳನ್ನು ಗುರುತಿಸಿದರೆ, ರೇಖೆ ಮೊದಲು ಕಡಿದಾಗಿ ಏರಿ ಆಮೇಲೆ ಸಪಾಟಾಗುತ್ತದೆ. ಲಸಿಕೆ ಕೆಡದಂತೆ ಇಡುವ ಶೀತಕಪೆಟ್ಟಿಗೆ, ರಾತ್ರಿ ಓದಲು ದೀಪ, ನೀರೆತ್ತುವ ಪಂಪು ಇವುಗಳಿಗೆ ಬೇಕಾದ ಮೊದಲ ಕೆಲವು ನೂರು ಯೂನಿಟ್‌ಗಳು ಬದುಕನ್ನೇ ಬದಲಿಸುತ್ತವೆ. ಮೇಲಿನ ಸಾವಿರಾರು ಯೂನಿಟ್‌ಗಳಿಂದ ಆಯುಷ್ಯ ಅಷ್ಟಾಗಿ ಬೆಳೆಯುವುದಿಲ್ಲ. ಕೋಸ್ಟರಿಕದ ಜನ ಅಮೆರಿಕದವರಿಗಿಂತ ಎಷ್ಟೋ ಪಾಲು ಕಡಿಮೆ ಇಂಧನ ಬಳಸಿಯೂ ದೀರ್ಘಾಯುಷಿಗಳು.

ತಲಾ ಅಂಕಿಯನ್ನು ಮನೆಯ ಬಳಕೆಯೆಂದು ಭಾವಿಸಬೇಡಿ. ಐಸ್‌ಲೆಂಡ್‌ನಲ್ಲಿ ತಲಾ ವಿದ್ಯುತ್ ಬಳಕೆ ವರ್ಷಕ್ಕೆ ಸುಮಾರು 50,000 ಯೂನಿಟ್, ಜಗತ್ತಿನಲ್ಲೇ ಅತಿ ಹೆಚ್ಚು. ಅದರಲ್ಲಿ ಸಿಂಹಪಾಲು ಹೋಗುವುದು ಅಲ್ಯೂಮಿನಿಯಂ ಕಾರ್ಖಾನೆಗಳಿಗೆ, ಅಲ್ಲಿನ ಲೋಹ ಹಡಗೇರುವುದು ಪರದೇಶಗಳಿಗೆ.

ಸಂಪನ್ಮೂಲವಿದ್ದೂ ಕತ್ತಲೆಯಲ್ಲಿರುವುದಕ್ಕೆ ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಕಾಂಗೊ ನದಿಯ ಇಂಗಾ ಜಲಪಾತಗಳ ಬಳಿ ಸುಮಾರು 40,000 ಮೆಗಾವಾಟ್‌ಗೆ ಅವಕಾಶವಿದೆಯೆಂದು ಅಂದಾಜು. 1972 ಮತ್ತು 1982ರಲ್ಲಿ ಆರಂಭವಾದ ಎರಡು ಸ್ಥಾವರಗಳ ಸಾಮರ್ಥ್ಯ ಕೂಡಿದರೂ 1,800 ಮೆಗಾವಾಟ್ ಆಗುವುದಿಲ್ಲ. ಅಲ್ಲಿಂದ ಹೊರಟ 1,700 ಕಿಲೋಮೀಟರ್ ಉದ್ದದ ಏಕಮುಖ ವಿದ್ಯುತ್ (ಡಿ.ಸಿ.) ಮಾರ್ಗವು ನಡುವಿನ ಊರುಗಳನ್ನು ಹಾದುಹೋಗಿ ಆಗ್ನೇಯದ ತಾಮ್ರದ ಗಣಿಗಳನ್ನು ಮುಟ್ಟುತ್ತದೆ. ಅಂಥ ಮಾರ್ಗದಿಂದ ದಾರಿಯಲ್ಲಿ ವಿದ್ಯುತ್ ಇಳಿಸಿಕೊಳ್ಳಲು ದುಬಾರಿ ಪರಿವರ್ತನಾ ಕೇಂದ್ರ ಬೇಕಾಗುವುದರಿಂದ, ತಂತಿಯ ಕೆಳಗೇ ಇರುವ ಊರುಗಳಿಗೆ ಬೆಳಕಿಲ್ಲ. ಆ ದೇಶದಲ್ಲಿ ಇಂದಿಗೂ ವಿದ್ಯುತ್ ಸಂಪರ್ಕ ಸಿಕ್ಕಿರುವುದು ಐದು ಜನರಲ್ಲಿ ಒಬ್ಬರಿಗಷ್ಟೇ. ಬಂಡವಾಳ, ವಿತರಣಾ ಜಾಲ, ರಾಜಕೀಯ ಸ್ಥಿರತೆ, ಯಾರಿಗಾಗಿ ಉತ್ಪಾದನೆ ಎಂಬ ನಿರ್ಧಾರ, ಇವೆಲ್ಲವನ್ನೂ ಈ ಒಂದು ಮಾರ್ಗದ ಕಥೆಯಿಂದಲೇ ವಿವರಿಸಬಹುದು. ಎದುರು ಉದಾಹರಣೆಯಾಗಿ, ಸ್ವಂತ ತೈಲ, ಅನಿಲ ಅತ್ಯಲ್ಪವಾಗಿರುವ ಜಪಾನನ್ನು ಇಡಿ.

ಈ ಉತ್ತರದಲ್ಲಿ ಹೆಚ್ಚಿನವರು ಅಡುಗೆಯ ಇಂಧನವನ್ನು ಮರೆಯುತ್ತಾರೆ. 2021ರಲ್ಲಿ ವಿದ್ಯುತ್ತಿಲ್ಲದವರು ಸುಮಾರು 67.5 ಕೋಟಿ, ಅವರಲ್ಲಿ ಬಹುಪಾಲು ಸಹಾರಾದ ದಕ್ಷಿಣದ ಆಫ್ರಿಕದವರು; ಆದರೆ ಸೌದೆ, ಸಗಣಿ, ಇದ್ದಿಲುಗಳಂಥ ಹೊಗೆಯ ಇಂಧನದಲ್ಲೇ ಅಡುಗೆ ಮಾಡುತ್ತಿದ್ದವರು ಸುಮಾರು 230 ಕೋಟಿ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿದೆ. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿಯ ಏಳನೆಯ ಗುರಿಯು ವಿದ್ಯುತ್ತನ್ನೂ ಶುದ್ಧ ಅಡುಗೆ ಇಂಧನವನ್ನೂ ಒಟ್ಟಿಗೆ ಅಳೆಯುವುದು ಇದಕ್ಕಾಗಿಯೇ. ಪ್ರಶ್ನೆಯಲ್ಲಿ ‘ಮೌಲ್ಯಮಾಪನ ಮಾಡಿ’ ಎಂದಿದ್ದರೆ ಮೊದಲ ವಾಕ್ಯದಲ್ಲೇ ‘ಕೆಳಮಟ್ಟದ ಬಳಕೆಯಲ್ಲಿ ಈ ಹೇಳಿಕೆ ಬಲವಾಗಿ ಸಲ್ಲುತ್ತದೆ, ಮೇಲ್ಮಟ್ಟದಲ್ಲಿ ಸಡಿಲವಾಗುತ್ತದೆ’ ಎಂದು ನಿಲುವು ತಿಳಿಸಿ, ಕಾಂಗೊ ಮತ್ತು ಕೋಸ್ಟರಿಕಗಳನ್ನು ಅದರ ಎರಡು ಬದಿಗಳಿಗೆ ಆಧಾರವಾಗಿ ಕೊಡಿ. ಸಮಯ ಉಳಿದರೆ ಆ ರೇಖಾಚಿತ್ರವನ್ನೂ ಬರೆದು ಎರಡೂ ಅಕ್ಷಗಳ ಮೇಲೆ ಏನನ್ನು ಅಳೆದಿದೆ, ಯಾವ ಮಾನದಲ್ಲಿ ಅಳೆದಿದೆ ಎಂದು ನಮೂದಿಸಿ.