ಗ್ಯಾಸಿಫೈಯರ್ ಟಾರಿಗೆ ಡಾಲಮೈಟ್ ಹಾಕಿದರೆ ಆಗುತ್ತಾ?

ಪ್ರಶ್ನೆ: ತೆಂಗಿನ ಚಿಪ್ಪನ್ನು ಕಡಿಮೆ ಗಾಳಿಯಲ್ಲಿ ಉರಿಸಿ ಗ್ಯಾಸ್ ಮಾಡುವ ಗ್ಯಾಸಿಫೈಯರ್ ಓಡಿಸುತ್ತೇವೆ ಸಾರ್, ಗ್ಯಾಸ್ ಎಂಜಿನ್‌ಗೆ ಹೋಗುತ್ತದೆ. ಪೈಪು, ವಾಲ್ವು ಎಲ್ಲ ಕಡೆ ಟಾರು, ಅಂದರೆ ಹೊಗೆಯ ಕಪ್ಪು ಜಿಡ್ಡು, ಅಂಟುತ್ತದೆ, ಬಿಚ್ಚಿ ಕೆರೆದು ಸಾಕಾಗಿದೆ. ಇದ್ದಲು ಬೇರೆ ಮೂಟೆಗಟ್ಟಲೆ ಉಳಿಯುತ್ತಿದೆ. ಡಾಲಮೈಟ್ ಹಾಕಿದರೆ ಟಾರೇ ಗ್ಯಾಸ್ ಆಗುತ್ತದಂತೆ, ನಿಜವಾ?
– ಓದುಗರು, ತಿಪಟೂರು ತಾಲ್ಲೂಕು

ಉತ್ತರ: ನಿಜ, ಆದರೆ ಎಲ್ಲಿ ಹಾಕುತ್ತೀರಿ ಅನ್ನೋದು ಮುಖ್ಯ. ಡಾಲಮೈಟ್ ಅಗ್ಗದ ಕಲ್ಲು, ನಮ್ಮ ಬಾಗಲಕೋಟೆಯ ಲೋಕಾಪುರದ ಕಡೆಯೇ ಸಿಗುತ್ತದೆ. ಸುಣ್ಣದ ಕಲ್ಲಿನ ಹಾಗೆ ಚೆನ್ನಾಗಿ ಸುಟ್ಟ ಮೇಲೇ ಅದು ಕೆಲಸಕ್ಕೆ ಬರೋದು. ಆಮೇಲೂ ಅದರ ಮೇಲೆ ಹಾಯುವ ಗ್ಯಾಸು 800ರಿಂದ 900 ಡಿಗ್ರಿ ಬಿಸಿ ಇರಬೇಕು. ಆಗ ನ್ಯಾಫ್ತಲೀನ್, ಫೀನಾಲ್ ಥರದ ಟಾರಿನ ಅಂಶಗಳು ಹಬೆಯ ಜೊತೆ ಸೇರಿ ಹೈಡ್ರೋಜನ್, ಕಾರ್ಬನ್ ಮಾನಾಕ್ಸೈಡ್ ಆಗಿ ಒಡೆಯುತ್ತವೆ. ಗ್ಯಾಸು ತಣ್ಣಗಾದ ಮೇಲೆ ಫಿಲ್ಟರ್ ಪಕ್ಕ ಇಟ್ಟರೆ ಸುಮ್ನೆ ಕಲ್ಲು, ಅಷ್ಟೇ. ಇನ್ನೊಂದು ತಾಪತ್ರಯ ಅಂದರೆ ಸುಟ್ಟ ಡಾಲಮೈಟ್ ಮೆತ್ತಗೆ, ಪುಡಿಯಾಗುತ್ತದೆ, ಆ ಧೂಳು ಎಂಜಿನ್‌ಗೆ ಹೋದರೆ ಟಾರೇ ವಾಸಿ ಅನಿಸುತ್ತೆ. ಆಸ್ಟ್ರಿಯಾದ ಗ್ಯೂಸಿಂಗ್ ಊರಿನ ಗ್ಯಾಸಿಫೈಯರ್ ಸ್ಥಾವರದಲ್ಲಿ ಒಲಿವಿನ್ ಅನ್ನೋ ಗಟ್ಟಿ ಮರಳು ಬಳಸಿದ್ದರು, ಅದು ಅಷ್ಟು ಬೇಗ ಸವೆಯೋಲ್ಲ. ನಿಕ್ಕಲ್ ಇನ್ನೂ ಚುರುಕು, ಆದರೆ ದುಬಾರಿ, ಗಂಧಕ ತಾಗಿದರೆ, ಮಸಿ ಕೂತರೆ ಸತ್ತ ಹಾಗೇ.

ನನ್ನ ಕೇಳಿದರೆ ನಿಮಗೆ ಬೇಕಾದ ಕ್ಯಾಟಲಿಸ್ಟ್, ಅಂದರೆ ಟಾರು ಒಡೆಯಲು ನೆರವಾಗುವ ವಸ್ತು, ಆ ಇದ್ದಲಿನ ಮೂಟೆಗಳಲ್ಲೇ ಇದೆ. ಕೆಂಡವಾಗಿರುವ ಇದ್ದಲಿನ ಮೂಲಕ ಗ್ಯಾಸು ಕೆಳಗಿಳಿದು ಬಂದರೆ ಟಾರು ಅಲ್ಲೇ ಒಡೆಯುತ್ತದೆ. ಗ್ಯಾಸು ಮೇಲಿನಿಂದ ಹೊರಹೋಗುವ ಅಪ್‌ಡ್ರಾಫ್ಟ್‌ನಲ್ಲಿ ಘನ ಮೀಟರಿಗೆ 50 ಗ್ರಾಂ ದಾಟುವ ಟಾರು, ಕೆಳಗಿನಿಂದ ಎಳೆಯುವ ಡೌನ್‌ಡ್ರಾಫ್ಟ್‌ನಲ್ಲಿ ಸುಮಾರು 1 ಗ್ರಾಂಗೆ ಇಳಿಯೋದು ಇದರಿಂದಲೇ. ಡೆನ್ಮಾರ್ಕಿನ ವೈಕಿಂಗ್ ಗ್ಯಾಸಿಫೈಯರ್‌ನಲ್ಲಿ ಮೊದಲು ಸ್ವಲ್ಪ ಗಾಳಿ ಕೊಟ್ಟು ಟಾರಿನ ಒಂದಿಷ್ಟು ಸುಟ್ಟು, ಆಮೇಲೆ ಇದ್ದಲಿನ ಹಾಸಿನಲ್ಲಿ ಹಾಯಿಸುತ್ತಿದ್ದರು.

ಹಾಗಾಗಿ ನಿಮ್ಮ ಹಾಸು ಯಾಕೆ ತಣ್ಣಗಾಗುತ್ತಿದೆ ನೋಡಿ. ಚಿಪ್ಪು ಹಸಿ ಇದೆಯಾ? ಎಂಜಿನ್ ಗಂಟೆಗಟ್ಟಲೆ ಕಡಿಮೆ ಲೋಡಿನಲ್ಲಿ ಓಡುತ್ತದೆಯಾ? ಇವೆರಡರಿಂದಲೂ ಟಾರು ಹೆಚ್ಚುತ್ತೆ. ಚಿಪ್ಪು ಒಂದೇ ಗಾತ್ರಕ್ಕೆ ಒಡೆದು, ಒಣಗಿಸಿ ಹಾಕಿ.

ಉಳಿದ ಇದ್ದಲನ್ನು ಜರಡಿ ಹಿಡಿದು, ದಪ್ಪ ತುಂಡುಗಳನ್ನು ಚಿಪ್ಪಿನ ಜೊತೆ ಮತ್ತೆ ಒಳಗೆ ಹಾಕಬಹುದು. ಅದರಲ್ಲಿರುವ ಪೊಟ್ಯಾಸಿಯಂ, ಇದ್ದಲು ಹಬೆ ಜೊತೆ ಸೇರಿ ಬೇಗ ಗ್ಯಾಸಾಗಲು ನೆರವಾಗುತ್ತದೆ. ಆದರೆ ಭತ್ತದ ಹೊಟ್ಟು ಬೆರೆಸಬೇಡಿ, ಅದರ ಸಿಲಿಕಾ ಪೊಟ್ಯಾಸಿಯಂ ಜೊತೆ ಕರಗಿ ಗಟ್ಟಿ ಉಂಡೆ ಕಟ್ಟಿಬಿಡುತ್ತೆ. ಕೆರೆದ ಟಾರನ್ನು ಒಣ ಇದ್ದಲಿಗೆ ಹೀರಿಸಿ ಸ್ವಲ್ಪ ಸ್ವಲ್ಪವೇ ಮೇಲಿನಿಂದ ಹಾಕಿ, ಕೈಗವಸು ಇಲ್ಲದೆ ಮುಟ್ಟಬೇಡಿ, ಅದರಲ್ಲಿ ಕ್ಯಾನ್ಸರ್ ತರುವ ಅಂಶಗಳಿವೆ. ಗ್ಯಾಸು ತೊಳೆದ ನೀರನ್ನೂ ಚರಂಡಿಗೆ ಬಿಡಬೇಡಿ.

ಅಂದಹಾಗೆ, ಸ್ವಲ್ಪ ಗ್ಯಾಸು ಕೊಬ್ಬರಿ ಒಣಗಿಸೋ ಒಲೆಗೂ ಹೋಗುತ್ತಾ? ಹಾಗಿದ್ದರೆ ಆ ಕಡೆ ಟಾರು ತೆಗೆಯೋ ಗೋಜೇ ಬೇಡ. ಪೈಪು ಗಿಡ್ಡ ಇರಲಿ, ಶಾಖ ಹೋಗದಂತೆ ಸುತ್ತಿರಿ, ಬಿಸಿ ಇರುವಾಗಲೇ ಉರಿಸಿದರೆ ಟಾರೂ ಉರಿದು ಶಾಖವಾಗುತ್ತದೆ.