ತೆಂಗಿನಕಾಯಿಗೆ ಜಪಾನಿ ಗಂಟು

ಮನೆ–ಮದುವೆ: ಓದುಗರು ಕೇಳಿದ್ದು, ನಾನು ಹೇಳಿದ್ದು

ಪ್ರಶ್ನೆ: ಅಕ್ಕಾ, ಫೆಬ್ರವರಿಯಲ್ಲಿ ಮಗಳ ಮದುವೆ ಇದೆ. ತಾಂಬೂಲಕ್ಕೆ ಅದೇ ಪ್ಲಾಸ್ಟಿಕ್ ಝರಿ ಬ್ಯಾಗ್ ಬೇಡವೇ ಬೇಡ ಅಂತ ಅವಳ ಹಟ. ಜಪಾನಿನವರು ಬಟ್ಟೆಯಲ್ಲಿ ಗಿಫ್ಟ್ ಸುತ್ತೋ ವಿಡಿಯೋ ನೋಡ್ಬಿಟ್ಟು ಹಾಗೇ ಮಾಡೋಣ ಅಂತಾಳೆ. 400 ಜನಕ್ಕೆ ಇದೆಲ್ಲಾ ಆಗೋ ಕೆಲಸವಾ?
– ತಿಪಟೂರಿನ ಒಬ್ಬ ತಾಯಿ

ಉತ್ತರ: ಆಗುತ್ತೆ ಕಣ್ರೀ, ನಾನೇ ಮಾಡಿಸಿದೀನಿ, ಅದರಲ್ಲಿ ಬೈಸ್ಕೊಂಡೂ ಇದೀನಿ. ಅದಕ್ಕೆ ಫುರೋಶಿಕಿ ಅಂತ ಹೆಸರು. ಫುರೋ ಅಂದ್ರೆ ಸ್ನಾನ, ಶಿಕಿ ಅಂದ್ರೆ ಹಾಸೋದು. ಹಿಂದೆ ಊರ ಸ್ನಾನದ ಮನೆಗೆ ಹೋದೋರು ತಮ್ಮ ಬಟ್ಟೆ ಬೇರೆಯವರದ್ದರ ಜೊತೆ ಬೆರೀದೇ ಇರಲಿ ಅಂತ ಸುತ್ತಿಡ್ತಿದ್ದ ಚೌಕ ಬಟ್ಟೆ ಅದು, ನಮ್ಮಜ್ಜ ಸಂತೆಗೆ ಹೆಗಲ ಮೇಲೆ ಹಾಕ್ಕೊಂಡು ಹೋಗ್ತಿದ್ದ ಗಂಟಿಗೂ ಇದಕ್ಕೂ ಏನು ಭಾರಿ ವ್ಯತ್ಯಾಸ ಇಲ್ಲ ಬಿಡಿ.

ಬೇರೆ ಬಟ್ಟೆ ತರಬೇಡಿ. ಹೆಂಗಸರಿಗೆ ಹೇಗೂ ಬ್ಲೌಸ್ ಪೀಸ್ ಕೊಡ್ತೀರಲ್ಲ, ಅದನ್ನೇ ಸುತ್ತೋಕೆ ಬಳಸಿ, ಉಡುಗೊರೆ ಮತ್ತು ಚೀಲ ಎರಡೂ ಒಂದೇ ಆಯ್ತು. ಪನ್ನ ಎಷ್ಟಿದೆಯೋ ಉದ್ದವನ್ನೂ ಅಷ್ಟೇ ಇಟ್ಟು ಚೌಕಾಕಾರ ಬರೋ ಹಾಗೆ ಕತ್ತರಿಸಿ ಅಂತ ಅಂಗಡಿಯವರಿಗೇ ಹೇಳಿ. ಕಾಟನ್ನೇ ಇರಲಿ, ಸ್ಯಾಟಿನ್ ಥರದ್ದು ಜಾರುತ್ತೆ. ಗಂಡಸರಿಗೆ ಅದೇ ಅಳತೆಯ ಚೌಕಳಿ ಟವಲ್ ಸಾಕು.

ಈಗ ಗಂಟು. ಬಟ್ಟೆಯ ಒಂದು ಮೂಲೆ ನಿಮ್ಮ ಹೊಟ್ಟೆ ಕಡೆ ಬರೋ ಹಾಗೆ ಹಾಸಿ, ಮಧ್ಯದಲ್ಲಿ ಕಾಯಿ, ಜುಟ್ಟು ಮೇಲೆ. ಎದುರುಬದುರು ಮೂಲೆ ಎರಡನ್ನ ಕಾಯಿ ಮೇಲೆ ಬಿಗಿಯಾಗಿ ಕಟ್ಟಿ. ಉಳಿದ ಎರಡನ್ನ ಅದರ ಮೇಲೆ ಒಂದು ಸುತ್ತು ಬಿಗಿದು, ಒಂದು ಗೇಣು ಬಿಟ್ಟು ತುದಿಯಲ್ಲಿ ಮತ್ತೆ ಕಟ್ಟಿದ್ರೆ ಹಿಡಿ ರೆಡಿ. ಗುಟ್ಟು ಇರೋದು ಇಷ್ಟರಲ್ಲೇ: ಮೊದಲ ಸಲ ಬಲದ ತುದಿ ಎಡದ ಮೇಲೆ ಹೋದ್ರೆ ಎರಡನೇ ಸಲ ಎಡದ್ದು ಬಲದ ಮೇಲೆ ಹೋಗಬೇಕು. ಎರಡೂ ಸಲ ಒಂದೇ ಕಡೆಯಿಂದ ಹಾಕಿದ್ರೆ ನೋಡೋಕೆ ಗಂಟೇ, ಭಾರ ಬಿದ್ದ ತಕ್ಷಣ ಜಾರುತ್ತೆ. ನನ್ನ ತಮ್ಮನ ಮಗಳ ಮದುವೆಯಲ್ಲಿ ಹಿಂದಿನ ರಾತ್ರಿ ಛತ್ರದ ಉಗ್ರಾಣದಲ್ಲಿ ಕೂತು ಕಟ್ಟಿದ್ವಿ, ಅರ್ಧ ಕಟ್ಟಿದ್ದು ಕಾಲೇಜು ಹುಡುಗರು, ನಾನು ಒಂದನ್ನೂ ಎಳೆದು ನೋಡಲಿಲ್ಲ. ಮಾರನೇ ದಿನ ಗೇಟ್ ಹತ್ರ ನಮ್ಮ ದೊಡ್ಡಪ್ಪನ ಗಂಟು ಬಿಚ್ಚಿ ಕಾಯಿ ನೆಟ್ಟಗೆ ಹೆಬ್ಬೆರಳ ಮೇಲೆ! ಉಗುರು ಕಪ್ಪಾಗಿ ಉದುರೋವರೆಗೂ ಸಿಕ್ಕಾಗೆಲ್ಲಾ ಕಾಲು ಮುಂದೆ ಚಾಚಿ "ಜಪಾನ್ ಹೇಗಿದೆಯಮ್ಮಾ" ಅಂತ ಕೇಳೋರು.

ಒಂದಕ್ಕೆ ಮೂರು ನಿಮಿಷ ಹಿಡೀರಿ, 400ಕ್ಕೆ 20 ಗಂಟೆ, ಐದು ಜನ ಕೂತ್ರೆ ನಾಲ್ಕು ಗಂಟೆ ಕೆಲಸ. ವೀಳ್ಯದೆಲೆ ಮಾತ್ರ ಬೆಳಿಗ್ಗೆನೇ ಇಡಿ, ಅದೂ ಬಾಳೆಎಲೆ ಚೂರಲ್ಲಿ ಸುತ್ತಿ, ಇಲ್ಲಾಂದ್ರೆ ಬ್ಲೌಸ್ ಪೀಸಿಗೆ ಕಲೆ.

ಗಂಟಿನ ವಿಷಯ ಬಂತು ಅಂತ ಇನ್ನೊಂದು ಹೇಳ್ತೀನಿ. ಜಪಾನಿನಲ್ಲಿ ಮದುವೆಯ ದುಡ್ಡಿನ ಕವರಿಗೆ ಮಿಜುಹಿಕಿ ಅನ್ನೋ ಕಾಗದದ ಹುರಿ ಕಟ್ತಾರೆ, ಆ ಗಂಟು ಎಳೆದ್ರೆ ಇನ್ನೂ ಬಿಗಿಯಾಗಬೇಕೇ ಹೊರತು ಬಿಚ್ಚಬಾರದು. ಅದೇ ಮಗು ಹುಟ್ಟಿದ್ದಕ್ಕೆ ಕೊಡೋ ಕವರಲ್ಲಿ ಎಳೆದ ಕೂಡ್ಲೇ ಬಿಚ್ಚೋ ಗಂಟು, ಯಾಕಂದ್ರೆ ಆ ಸಂತೋಷ ಮತ್ತೆ ಮತ್ತೆ ಬರಲಿ ಅಂತ. ಮದುವೆ ಒಂದೇ ಸಲ. ನಾವು ಬ್ರಹ್ಮಗಂಟು ಅಂತೀವಲ್ಲ, ಅದನ್ನ ಅವರು ಕವರ್ ಮೇಲೇ ಹಾಕ್ಬಿಟ್ಟಿದಾರೆ.

ಪ್ರಶ್ನೆ: ಮೇಡಂ, ನಮ್ಮ ಟೀಮಿನ ಚೀನೀ ಹುಡುಗಿ ಮದುವೆ ಮುಂದಿನ ತಿಂಗಳು. ಒಳ್ಳೇ ರೋಸ್‌ವುಡ್ ಗೋಡೆ ಗಡಿಯಾರ ಊರಿಂದ ತರಿಸ್ಲಾ?
– ಸಿಂಗಾಪುರದಿಂದ

ಉತ್ತರ: ಅಯ್ಯೋ ಬೇಡ! ಚೀನೀ ಭಾಷೆಯಲ್ಲಿ "ಗಡಿಯಾರ ಕೊಡೋದು" ಅನ್ನೋದೂ "ಸಾಯೋರನ್ನ ಕಳಿಸಿಕೊಡೋದು" ಅನ್ನೋದೂ ಕೇಳೋಕೆ ಒಂದೇ ಥರ. ಛತ್ರೀನೂ ಬೇಡ, ಆ ಪದ ಬೇರೆಯಾಗೋದು ಅನ್ನೋ ಹಾಗೆ ಕೇಳುತ್ತೆ. ಕೆಂಪು ಕವರಲ್ಲಿ ಗರಿಗರಿ ನೋಟು ಇಟ್ಟು ಕೊಡಿ, ಅಲ್ಲಿ ಅದನ್ನ ಆಂಗ್ ಬಾವ್ ಅಂತಾರೆ. ಕವರ್ ಬಿಳೀದಂತೂ ಬೇಡ, ಅದು ಸಾವಿನ ಮನೆಗೆ. ಮತ್ತೆ ನಮ್ಮ ಕೈ ಸುಮ್ನಿರಲ್ಲವಲ್ಲ, 100 ಇಟ್ಟು ಮೇಲೆ ಒಂದು ಸೇರಿಸಿ 101 ಮಾಡೋದು, ಅದನ್ನ ಇಲ್ಲಿ ಮಾಡಬೇಡಿ. ಅವರಿಗೆ ಮದುವೆ ಅಂದ್ರೆ ಜೋಡಿ, ಸಂಖ್ಯೆ ಸಮ ಇರಬೇಕು, 8 ಬಂದ್ರೆ ಖುಷಿ, 4 ಬೇಡ ಯಾಕಂದ್ರೆ ಅದರ ಉಚ್ಚಾರಣೆ ಸಾವಿಗೆ ಹತ್ರ. ತಮಾಷೆ ಏನಂದ್ರೆ ಜಪಾನಿಗೆ ಹೋದ್ರೆ ನಮ್ಮ ಲೆಕ್ಕಾನೇ ನಡೆಯುತ್ತೆ. ಸಮಸಂಖ್ಯೆ ಎರಡು ಭಾಗ ಆಗಿಬಿಡುತ್ತೆ ಅಂತ ಅಲ್ಲಿ ಸ್ನೇಹಿತರು 10,000 ಯೆನ್‌ನ ಮೂರು ನೋಟು ಇಡೋದು ವಾಡಿಕೆ.

ಪ್ರಶ್ನೆ: ಹುಡುಗನ ಕಡೆಯವರು ಬೆಂಗಳೂರಿನವರು, ಮದುವೆಗೆ "ಏಷ್ಯನ್ ಥೀಮ್" ಬೇಕಂತೆ. ನಾವು ಅಡಿಕೆ ತೋಟದವರು, ನಮಗೇನು ಗೊತ್ತು ಇದೆಲ್ಲಾ?
– ತೀರ್ಥಹಳ್ಳಿ ಕಡೆಯಿಂದ

ಉತ್ತರ: ತೀರ್ಥಹಳ್ಳಿ ಏಷ್ಯಾದಲ್ಲೇ ಇದೆ ಅಂತ ಮೊದಲು ಅವರಿಗೆ ಹೇಳಿ! ವಿಯೆಟ್ನಾಮಿನಲ್ಲಿ ಮದುವೆ ಮಾತಿಗೆ ಹೋಗುವಾಗ ಗಂಡಿನ ಕಡೆಯೋರು ಹೊತ್ಕೊಂಡು ಹೋಗೋದೇ ವೀಳ್ಯದೆಲೆ ಮತ್ತು ಅಡಿಕೆ ಗೊನೆ. ಎಲೆಯಿಂದಲೇ ಮಾತು ಶುರು ಅಂತ ಅವರಲ್ಲಿ ಗಾದೇನೂ ಇದೆ. ಅದಕ್ಕೊಂದು ಕಥೆ: ಅಣ್ಣ ತಮ್ಮ ಇಬ್ಬರು, ಅಣ್ಣನಿಗೆ ಮದುವೆಯಾದ ಮೇಲೆ ಬೇಜಾರಾಗಿ ತಮ್ಮ ಮನೆ ಬಿಟ್ಟು ಹೋಗಿ ಹೊಳೆ ದಂಡೆಯಲ್ಲಿ ಸತ್ತು ಸುಣ್ಣದ ಕಲ್ಲಾದ, ಹುಡುಕ್ಕೊಂಡು ಹೋದ ಅಣ್ಣ ಅದರ ಪಕ್ಕ ಅಡಿಕೆ ಮರ ಆದ, ಗಂಡನ್ನ ಹುಡುಕ್ಕೊಂಡು ಬಂದ ಹೆಂಡತಿ ಆ ಮರಕ್ಕೆ ತಬ್ಬಿದ ವೀಳ್ಯದ ಬಳ್ಳಿ ಆದ್ಲು. ಮೂರನ್ನೂ ಸೇರಿಸಿ ಅಗಿದಾಗ ಬಾಯಿ ಕೆಂಪಾಗೋದು ಅದಕ್ಕೇ ಅಂತೆ. ನಿಮ್ಮ ತೋಟದ ಹಸಿ ಗೊನೆ ನಾಲ್ಕು ತಂದು ಮಂಟಪದ ಕಂಬಕ್ಕೆ ಕಟ್ಟಿ, ಬಾಗಿಲಲ್ಲಿ ಎಲೆ ತಟ್ಟೆ ಇಟ್ಟು ಪಕ್ಕದಲ್ಲಿ ಈ ಕಥೆಯನ್ನ ಒಂದು ಕಾರ್ಡಲ್ಲಿ ಬರೆದಿಡಿ. ಡೆಕೊರೇಟರ್ ದುಡ್ಡು ಉಳೀತು.

ಮಲೇಷ್ಯಾದ ಮಲಯ್ ಮದುವೆಗಳಲ್ಲಿ ಬಂದೋರಿಗೆ ಬುಂಗಾ ತೆಲೂರ್ ಅಂತ ಹೂವು ಸಿಕ್ಕಿಸಿದ ಬೇಯಿಸಿದ ಮೊಟ್ಟೆ ಕೊಡೋ ಪದ್ಧತಿ ಇದೆ. ಅದನ್ನೂ ಹೇಳೋಣ ಅಂದ್ಕೊಂಡೆ, ನಿಮ್ಮ ಭಟ್ಟರು ಮಂಟಪ ಬಿಟ್ಟು ಎದ್ದು ಹೋದಾರು ಅಂತ ಬಿಟ್ಟೆ.

ಪ್ರಶ್ನೆ: ಲಕ್ಕಿ ಬ್ಯಾಂಬೂ ಹಳದಿ ಆಗ್ತಿದೆ. ಮನೆಗೆ ಕೆಡಕಾ? ಪಕ್ಕದಲ್ಲಿ ಲಾಫಿಂಗ್ ಬುದ್ಧ, ಕೆಳಗೆ ಶೂ ರ‍್ಯಾಕ್ ಇದೆ.
– ದಾವಣಗೆರೆ

ಉತ್ತರ: ಗಿಡಕ್ಕೆ ಕೆಡಕು, ಮನೆಗಲ್ಲ. ಅದು ಬಿದಿರೇ ಅಲ್ಲ, ಡ್ರಸೀನಾ ಜಾತಿ, ಮೂಲ ಆಫ್ರಿಕಾ. ನಲ್ಲಿ ನೀರಿನ ಕ್ಲೋರಿನ್ನಿಗೂ ನೇರ ಬಿಸಿಲಿಗೂ ಹಳದಿ ಆಗುತ್ತೆ. ಕಾಯಿಸಿ ಆರಿಸಿದ ನೀರೋ ಮಳೆ ನೀರೋ ಹಾಕಿ, ವಾರಕ್ಕೊಮ್ಮೆ ಬದಲಾಯಿಸಿ, ಪೂರ್ತಿ ಹಳದಿ ಆದ ಕಡ್ಡಿ ತೆಗೀರಿ. ಆ ಹೊಟ್ಟೆಯಪ್ಪನೂ ಗೌತಮ ಬುದ್ಧ ಅಲ್ಲ, ಬುದಾಯ್ ಅನ್ನೋ ಚೀನಾದ ಸನ್ಯಾಸಿ. ಹಾಗಂತ ಚಪ್ಪಲಿ ಮೇಲೆ ಕೂರಿಸಬೇಡಿ. ಬುದ್ಧ ಅಲಂಕಾರದ ಸಾಮಾನಲ್ಲ ಅಂತ ಬ್ಯಾಂಕಾಕಿನಲ್ಲಿ ದೊಡ್ಡ ದೊಡ್ಡ ಬೋರ್ಡೇ ಹಾಕಿದಾರೆ. ನಮ್ಮ ಗಣಪತಿಯನ್ನ ಯಾರಾದ್ರೂ ಶೂ ರ‍್ಯಾಕ್ ಮೇಲಿಟ್ರೆ ನಮಗೆ ಹೇಗನ್ಸುತ್ತೆ ಹೇಳಿ.

ಪ್ರಶ್ನೆ: ಬೈಲುಕುಪ್ಪೆಯಿಂದ ಟಿಬೆಟಿಯನ್ನರ ಬಣ್ಣದ ಬಾವುಟ ತಂದು ಬಾಲ್ಕನಿಗೆ ಕಟ್ಟಿದ್ದೆ. ಧೂಳಾಯ್ತು ಅಂತ ನಮ್ಮತ್ತೆ ಬಿಚ್ಚಿ ತೊಳೆದು ಇಸ್ತ್ರಿ ಮಾಡಿ ಇಟ್ಟಿದಾರೆ. ಏನಾದ್ರೂ ದೋಷವಾ?
– ಮೈಸೂರು

ಉತ್ತರ: ನಗು ತಡೆಯೋಕಾಗಲಿಲ್ಲ, ಕ್ಷಮಿಸಿ. ಅದರ ಮೇಲಿರೋ ಪ್ರಾರ್ಥನೆ ಗಾಳಿಯಲ್ಲಿ ನಾಲ್ಕೂರಿಗೆ ಹರಡಲಿ ಅಂತ ಕಟ್ಟೋದು, ಬಣ್ಣ ಮಾಸಿ ಅಂಚು ಪಿಸಿದಷ್ಟೂ ಒಳ್ಳೇದೇ ಅನ್ನೋದು ಅವರ ನಂಬಿಕೆ. ಐದು ಬಣ್ಣ ಅಂದ್ರೆ ನಮ್ಮ ಪಂಚಭೂತಗಳೇ: ನೀಲಿ ಆಕಾಶ, ಬಿಳಿ ಗಾಳಿ, ಕೆಂಪು ಬೆಂಕಿ, ಹಸಿರು ನೀರು, ಹಳದಿ ಭೂಮಿ. ನೆಲಕ್ಕೆ ತಾಗಿಸಬೇಡಿ, ಪೂರ್ತಿ ಹಳೇದಾದ್ರೆ ಕಸದ ಡಬ್ಬಿಗೆ ಹಾಕದೆ ಸುಡ್ತಾರೆ. ಅತ್ತೆಗೆ ಏನೂ ಅನ್ನಬೇಡಿ, ನೀಲಿ ಎಡಗಡೆ ಬರೋ ಹಾಗೆ ನೋಡ್ಕೊಂಡು ಮತ್ತೆ ಕಟ್ಟಿ. ಇಸ್ತ್ರಿ ಗೆರೆ ಎರಡು ದಿನದ ಗಾಳಿಗೆ ಹೋಗುತ್ತೆ.